ಬಾಗಿಲು ಹಾಕಪ್ಪ

"ಶಾಲೆ ಬಿಟ್ಟು ಓಡಿಬಂದವನಿಗೆ ತನ್ನದು ಯಾವುದು, ಇನ್ನೊಬ್ಬರದು ಯಾವುದು ಅಂತ ಎಲ್ಲಿಂದ ಗೊತ್ತಾಗ್ಬೇಕು? ಕಳ್ಳನಾದ್ರೂ ಕತ್ತಲಾಗ್ಲಿ ಅಂತ ಕಾಯ್ತಾನೆ. ಇವನು ನೋಡಿ, ಹಾಡಹಗಲೇ ಸಂದಿಗೆ ಬಾಗಿಲು ಜಡಿದು ಕೂತಿದ್ದಾನೆ!"

ಕಾನೂನು ಮಾಮ ಹೀಗೆ ಕೂಗಿದ್ದು ಹಾಲಿನ ಗಾಡಿ ಬಂದು ನಿಂತಿದ್ದ ಹೊತ್ತಿನಲ್ಲಿ. ಅಂದರೆ ಅರ್ಧ ಬೀದಿ ಪಾತ್ರೆ ಹಿಡಿದು ಹೊರಗೇ ಇತ್ತು. ಎದುರುಮನೆ ಟೈಲರಮ್ಮ ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ಬಿಡುವುದನ್ನೇ ಮರೆತಳು. ಇಸ್ತ್ರಿಯವನು ಯಾರದೋ ಅಂಗಿಯನ್ನು ಸುಡುವುದರಲ್ಲಿದ್ದ.

ಬಡಗಿ ಹುಡುಗನೂ ಸಾಲಿನಲ್ಲೇ ನಿಂತಿದ್ದ. ಅವನ ಕಿವಿ ಕೆಂಡವಾಯಿತು. "ಸಾರ್, ಆ ಬಾಗಿಲು..." ಎಂದು ಶುರು ಮಾಡಿದ.

"ಬಾಗಿಲು ಹಾಕಿದ್ದು ನೀನು, ಬೀಗ ಹಾಕೋದು ನಾನು," ಎಂದು ಮಾಮ ಜೇಬಿನಿಂದ ಹೊಸ ಬೀಗ ತೆಗೆದು, ಸಂದಿಯ ಬಾಗಿಲಿನ ಅಗುಳಿಗೆ ಸಿಕ್ಕಿಸಿ ಒತ್ತಿಯೇ ಬಿಟ್ಟರು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗ ಹಾಲು ಹಿಡಿದುಕೊಂಡು ಇಡೀ ಮನೆಸಾಲನ್ನು ಸುತ್ತಿ, ಹಿಂದಿನ ಮೆಟ್ಟಿಲು ಹತ್ತಿ ತನ್ನ ಮನೆ ಸೇರಬೇಕಾಯಿತು.

ಕಾನೂನು ಎನ್ನುವುದು ಬೀದಿಯವರು ಇಟ್ಟ ಹೆಸರು. ಯಾವುದೋ ಕಚೇರಿಯಲ್ಲಿ ಕೂತು ಜೀವಮಾನವಿಡೀ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದ ಮನುಷ್ಯ. ಹುಡುಕುವ ಚಟ ಮಾತ್ರ ನಿವೃತ್ತಿಯಾಗಲಿಲ್ಲ. ಒಣಹಾಕಿದ ಸೀರೆಯಿಂದ ಹನಿ ಬಿದ್ದರೆ ತಪ್ಪು, ಸೈಕಲ್ ಗೋಡೆಗೆ ಒರಗಿದರೆ ತಪ್ಪು, ಮಗು ಅತ್ತರೂ ಅದಕ್ಕೊಂದು ಹೊತ್ತು ಇರಬೇಕಿತ್ತು. ಅವರ ಮನೆ ಬೀದಿಗೆ, ಬಡಗಿ ಹುಡುಗನ ಮನೆ ಅದರ ಬೆನ್ನಿಗೆ. ಬೀದಿಯಿಂದ ಹಿಂದಿನ ಮನೆಗೆ ಹೋಗಲು ಇಬ್ಬರಿಗೂ ಸೇರಿದ ಇಕ್ಕಟ್ಟು ಸಂದಿ. ಸಂದಿಯ ಮಧ್ಯದಲ್ಲಿ ಯಾವ ಕಾಲದ್ದೋ ಒಂದು ಖಾಲಿ ಚೌಕಟ್ಟು, ಹಲ್ಲಿಲ್ಲದ ಬಾಯಿಯ ಹಾಗೆ ನಿಂತಿತ್ತು.

ಆ ಚೌಕಟ್ಟಿಗೆ ಬಾಗಿಲು ಬಂದದ್ದು ಮಾಮ ಮಗಳ ಮನೆಗೆ ಹೋಗಿದ್ದಾಗ. ಚೌಕಟ್ಟಿನ ಬೀದಿ ಕಡೆಯ ಮಗ್ಗುಲಿಗೆ ಮಾಮನ ತಾಯಿಯ ಕಿಟಕಿ. ಅಜ್ಜಿಗೆ ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಚುರುಕು. ಆ ದಿನ ಹುಡುಗ ಚೌಕಟ್ಟಿನ ಈಚೆ ತನ್ನ ಕೆಲಸದ ಕೋಣೆಯಲ್ಲಿ ಹಲಗೆ ಉಜ್ಜುತ್ತಿದ್ದ. ಅಜ್ಜಿ ಕಿಟಕಿಯಿಂದ ಕೈ ಚಾಚಿ, "ಆ ಬಾಗಿಲೊಂದು ಹಾಕಪ್ಪ ಪುಣ್ಯಾತ್ಮ, ಪುಡಿಯೆಲ್ಲ ಇಲ್ಲಿಗೇ ಬರ್ತಿದೆ," ಎಂದಳು. ಚಾಚಿದ ಕೈ ಚೌಕಟ್ಟಿನ ಕಡೆಗೇ ಇತ್ತು. ಹುಡುಗನ ಅಪ್ಪನಿಗೆ ಲಕ್ವ ಹೊಡೆದು ಕೈಕಾಲು ಬಿದ್ದಾಗ ದಿನಾ ಗಂಜಿ ಮಾಡಿ ಕಳಿಸಿದ ಕೈ ಅದು. ಹುಡುಗ ಎರಡು ಮಾತಾಡಲಿಲ್ಲ. ತನ್ನಲ್ಲಿದ್ದ ಒಳ್ಳೆಯ ಹಲಗೆಯನ್ನೇ ಆರಿಸಿ ಬಾಗಿಲು ಮಾಡಿದ, ನಿಲ್ಲಿಸಿದ, ಅಜ್ಜಿಗೆ ಅನುಕೂಲವಾಗಲೆಂದು ಅಗುಳಿಯನ್ನು ಅವಳ ಕಡೆಗೇ ಇಟ್ಟ. ಅಜ್ಜಿ ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದೆ," ಎಂದಿದ್ದಳು. ಅಷ್ಟೇ ಅಂದಿದ್ದಳು.

ಈಗ ಬೀಗ ಬಿತ್ತು.

ಅಪ್ಪ ಆಗಲೇ ಅಂಗಿ ತೊಟ್ಟು, ಕೋಲು ಹಿಡಿದು ಸಿದ್ಧವಾಗಿದ್ದ. ಬಸ್ ಓಡಿಸುತ್ತಿದ್ದ ಮನುಷ್ಯ. ಒಂದು ಮಗ್ಗುಲು ಸೋತ ಮೇಲೆ ದಿನಕ್ಕೊಮ್ಮೆ ಸಂದಿಯ ಗೋಡೆ ಹಿಡಿದು ಮೂಲೆಯ ಕ್ಷೌರದಂಗಡಿಯ ಬೆಂಚಿಗೆ ಹೋಗಿಬರುವುದೊಂದೇ ಅವನಿಗೆ ಉಳಿದ ದಾರಿ. ಆ ಬೆಂಚಿನಲ್ಲಿ ಹಳೆಯ ಕಂಡಕ್ಟರ್ ಇರುತ್ತಿದ್ದ, ಜಗಳ ಇರುತ್ತಿತ್ತು, ನಗು ಇರುತ್ತಿತ್ತು. ಡಾಕ್ಟರರೂ ಹೇಳಿದ್ದರು, ನಡಿಗೆ ನಿಂತರೆ ಕಾಲೂ ನಿಲ್ಲುತ್ತದೆ ಎಂದು.

"ಏನೋ, ರೋಡು ಬಂದ್ ಆಯ್ತಾ?" ಅಪ್ಪ ಕೇಳಿದ.

"ಹೂಂ. ಹಿಂದಿನ ಮೆಟ್ಟಿಲಲ್ಲಿ ಎತ್ಕೊಂಡು ಹೋಗ್ಲಾ?"

"ನನ್ನ ಗಾಡಿಗೆ ಬ್ರೇಕ್ ಇಲ್ಲ ಕಣೋ. ಅಲ್ಲಿ ಇಳಿದ್ರೆ ನೇರ ಗುಜರಿಗೆ." ಅಪ್ಪ ನಕ್ಕು, ಅಂಗಿಯ ಗುಂಡಿಯನ್ನು ಒಂದೊಂದಾಗಿ ಬಿಚ್ಚತೊಡಗಿದ. ಸರಿಯಿದ್ದ ಕೈಯೊಂದರಿಂದಲೇ ಬಿಚ್ಚಬೇಕು, ನಿಧಾನವಾಗುತ್ತದೆ. ಹುಡುಗನಿಗೆ ನೋಡಲಾಗಲಿಲ್ಲ. ಸುತ್ತಿಗೆ ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಕೊನೆಗೆ ಅದನ್ನು ಬಿಟ್ಟು ಬರಿಗೈಯಲ್ಲೇ ಹೊರಟ.

ಮಾಮ ತಮ್ಮ ಮನೆಯ ಬಾಗಿಲಲ್ಲೇ ತಡೆದರು.

"ಸಾರ್, ಬೀಗ ತೆಗೀರಿ. ಬಾಗಿಲು ನಾನೇ ಕಿತ್ತು ಹಾಕ್ತೀನಿ. ಅಪ್ಪ ಓಡಾಡ್ಬೇಕು."

"ತೆಗಿಯೋಣ. ಯಾರನ್ನ ಕೇಳಿ ಹಾಕಿದೆ ಅಂತ ನಾಲ್ಕು ಜನರ ಮುಂದೆ ಹೇಳು. ಹೇಳಿದ ಮರುಕ್ಷಣ ತೆಗೀತೀನಿ."

ಇಷ್ಟೇ ತಾನೇ ಎನ್ನಿಸಿತು ಹುಡುಗನಿಗೆ. ಆದರೂ ಅಜ್ಜಿಯ ಕಿವಿಗೆ ಒಂದು ಮಾತು ಹಾಕಿ ಹೇಳೋಣವೆಂದು, ಮಾಮ ಊಟ ಮಾಡಿ ಅಡ್ಡಾದ ಹೊತ್ತಿಗೆ ಬೀದಿಯ ಕಡೆಯಿಂದ ಸಂದಿಗೆ ನುಗ್ಗಿ ಕಿಟಕಿಯ ಬಳಿ ನಿಂತ.

"ಅಜ್ಜಿ, ಬಾಗಿಲು ಹಾಕು ಅಂತ ನೀವೇ ಹೇಳಿದ್ದು ತಾನೇ?"

"ಹೇಳಿದ್ನಪ್ಪ. ನಿನ್ನ ಕೋಣೆ ಬಾಗಿಲು ಮುಚ್ಚು ಅಂತ."

ಹುಡುಗ ಸಂದಿಯ ಬಾಗಿಲ ಕಡೆ ತಿರುಗಿ ನೋಡಿದ. "ಮುಚ್ಚು ಅಂತಾನಾ? ನಮ್ಮ ಕಸುಬಿನಲ್ಲಿ ಬಾಗಿಲು ಹಾಕು ಅಂದ್ರೆ ಮಾಡಿ ನಿಲ್ಲಿಸು ಅಂತ ಅಜ್ಜಿ!"

"ಅಯ್ಯೋ ನನ್ನ ರಾಜ! ದೀಪ ಹಾಕು ಅಂದಿದ್ರೆ ಕಂಬ ನೆಡ್ತಿದ್ಯೇನೋ?" ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕುಲು ನಕ್ಕಳು. ಹುಡುಗನಿಗೂ ನಗು ಬಂತು. "ಮತ್ತೆ ಅವತ್ತು ಚೆನ್ನಾಗಿದೆ ಅಂದ್ರಿ?"

"ಚೆನ್ನಾಗಿತ್ತು, ಅದಕ್ಕೆ ಅಂದೆ. ನೀನೇನೋ ನಿನ್ನ ಅನುಕೂಲಕ್ಕೆ ಮಾಡ್ಕೊಂಡೆ ಅಂದ್ಕೊಂಡೆ." ನಗು ನಿಂತಿತು. "ಇರು, ಅವನು ಏಳ್ಲಿ. ನಾನೇ ಹೇಳ್ತೀನಿ." ಹೇಳಿದವಳು ಕಿಟಕಿಯ ಸರಳನ್ನು ಹಿಡಿದುಕೊಂಡಳು. ದನಿ ಇಳಿಯಿತು. "ಮೊನ್ನೆ ಒಲೆ ಮೇಲೆ ಪಾತ್ರೆ ಇಟ್ಟು ಮರೆತೆ ಕಣೋ. ಸೀದುಹೋಯ್ತು. ಇವನು, ಅಮ್ಮನಿಗೆ ತಲೆ ನೆಟ್ಟಗಿಲ್ಲ, ಏನು ಹೇಳ್ತಾಳೆ ಏನು ಮಾಡ್ತಾಳೆ ಗೊತ್ತಾಗಲ್ಲ, ಇನ್ನೊಂದು ಸಲ ಹೀಗಾದ್ರೆ ತಮ್ಮನ ಮನೆಗೆ ಬಿಟ್ಟುಬರ್ತೀನಿ ಅಂತ ಹೆಂಡತಿ ಹತ್ರ ಹೇಳ್ತಿದ್ದ. ನನಗೆ ಕೇಳಲ್ಲ ಅಂದ್ಕೊಂಡಿದಾನೆ."

"ತಮ್ಮನೂ ನಿಮ್ಮ ಮಗನೇ ಅಲ್ವಾ?"

"ಮಗನೇ. ಮಹಡಿ ಮೇಲಿನ ಮನೆ, ಕಿಟಕಿ ತೆಗೆದ್ರೆ ಪಕ್ಕದ ಕಟ್ಟಡದ ಗೋಡೆ. ಬೆಳಗಿಂದ ಸಂಜೆವರೆಗೆ ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾರೆ. ಇಲ್ಲಾದ್ರೆ ನಿನ್ನಂಥ ಪೆದ್ದ ಒಬ್ಬ ಸಿಗ್ತಾನೆ ಬೈಯೋಕೆ." ಅವಳು ನಗಲು ನೋಡಿದಳು, ಆಗಲಿಲ್ಲ. "ಆದ್ರೂ ಹೇಳ್ತೀನಪ್ಪ. ನಿನ್ನಪ್ಪ ಒಳಗೇ ಕೂತಿದ್ದಾನಲ್ಲ."

"ಬೇಡ ಅಜ್ಜಿ. ನೀವು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ."

ಮರುದಿನ ಬೆಳಗ್ಗೆ ಹುಡುಗ ಅಪ್ಪನಿಗೆ ಅಂಗಿ ತೊಡಿಸಿ, ಸಂದಿಯಲ್ಲಿ ಒಂದು ಸ್ಟೂಲ್ ಹಾಕಿ ಕೂರಿಸಿದ. ಕೀಲುಗಳು ತನ್ನ ಕಡೆಗಿದ್ದವು. ಅವುಗಳ ಕಡ್ಡಿಯನ್ನು ಮೊಳೆ ಇಟ್ಟು ಕೆಳಗಿನಿಂದ ತಟ್ಟಿದ. ಒಂದು ಸುಲಭವಾಗಿ ಬಂತು. ಇನ್ನೊಂದು ಹಟ ಹಿಡಿಯಿತು, ಅವನೇ ಬಿಗಿಯಾಗಿ ಕೂರಿಸಿದ್ದ. ಪ್ರತಿ ಏಟಿಗೂ ಮಾಮನ ಮಾತು ಒಂದೊಂದೇ ನೆನಪಾಯಿತು, ಏಟು ಒಂದಿಷ್ಟು ಜೋರಾಯಿತು.

"ಬಾಗಿಲಿಗೆ ಹೊಡೀತಿದ್ಯೋ, ಬೇರೆ ಯಾರಿಗಾದ್ರೂನೋ?" ಅಪ್ಪ ಕೇಳಿದ.

"ಸುಮ್ನಿರಪ್ಪ."

ಕಡ್ಡಿ ಹೊರಬಂತು. ಅವನು ಬಾಗಿಲನ್ನು ತನ್ನ ಕಡೆಗೆ ಓರೆಯಾಗಿ ಎಳೆದ. ಅಗುಳಿ ಚೌಕಟ್ಟಿನ ತೂತಿನಿಂದ ಜಾರಿ, ಬೀಗದ ಸಮೇತ ಬಂದುಬಿಟ್ಟಿತು. ಬೀಗ ಬೀಗವಾಗಿಯೇ ಇತ್ತು, ತಡೆಯುವುದಕ್ಕೆ ಏನೂ ಇರಲಿಲ್ಲ. ಅಪ್ಪ ಸ್ಟೂಲ್ ಮೇಲೆ ಅಲುಗಾಡುತ್ತ ನಕ್ಕ.

ಅಷ್ಟರಲ್ಲಿ ಮಾಮ ವಾಕಿಂಗ್ ಮುಗಿಸಿ, ಜೊತೆಯವರಿಬ್ಬರೊಂದಿಗೆ ಬಂದರು. ಖಾಲಿ ಚೌಕಟ್ಟಿನಲ್ಲಿ ಬೆಳಕು ಕಂಡು ಸಂದಿಗೇ ಧಾವಿಸಿದರು.

"ನನ್ನ ಬೀಗ! ನೋಡಿದ್ರಾ, ನನ್ನ ಬೀಗವನ್ನೂ ಹೊತ್ಕೊಂಡು ಹೋಗ್ತಿದ್ದಾನೆ!"

ಹುಡುಗ ಬಾಗಿಲನ್ನು, ಬೀಗ ಅವರ ಕೈಗೆ ಸಿಗುವ ಹಾಗೆ ಗೋಡೆಗೆ ಒರಗಿಸಿದ.

"ಕಿತ್ತೆ ಅಂದ್ರೆ ತಪ್ಪು ಒಪ್ಕೊಂಡ ಹಾಗಾಯ್ತು," ಮಾಮ ಜೊತೆಯವರ ಕಡೆ ತಿರುಗಿ ಹೇಳಿ, ಮತ್ತೆ ಇವನತ್ತ ಬಂದರು. "ಈಗಲಾದ್ರೂ ಬೊಗಳು. ಯಾರು ಹೇಳಿದ್ರು ನಿನಗೆ ಬಾಗಿಲು ಹಾಕು ಅಂತ? ಯಾರೂ ಹೇಳಿಲ್ಲ ತಾನೇ? ಕಬಳಿಸೋಕೆ ಅಂತ್ಲೇ ಹಾಕಿದ್ದು ತಾನೇ? ಏನೋ, ಬಾಯಲ್ಲಿ ಮೊಳೆ ಕಚ್ಕೊಂಡಿದೀಯಾ?"

ಕಿಟಕಿಯಲ್ಲಿ ಅಜ್ಜಿ ನಿಂತಿದ್ದಳು. ಅವಳ ತುಟಿ ಅಲುಗಿತು. ಹುಡುಗ ಅವಳತ್ತ ನೋಡಿ, ತಲೆಯನ್ನು ಇಷ್ಟೇ ಇಷ್ಟು ಅಡ್ಡಡ್ಡ ಆಡಿಸಿದ. ಉತ್ತರ ಅವನ ಬಾಯಿಯಲ್ಲೇ ಇತ್ತು, ಎರಡೇ ಮಾತು, ಹೇಳಿದ್ದರೆ ಮಾಮನ ಮುಖ ಜೊತೆಯವರ ಮುಂದೆ ಸಣ್ಣಗಾಗುತ್ತಿತ್ತು. ಬಗ್ಗಿ ಅಪ್ಪನ ತೋಳಿಗೆ ತೋಳು ಕೊಟ್ಟು ಎಬ್ಬಿಸಿದ.

"ಕೇಳಿದ್ದು ನಿನ್ನನ್ನೇ ಕಣೋ!"

ಅಪ್ಪನ ಒಂದು ಕಾಲು ನಡೆಯುತ್ತಿತ್ತು, ಇನ್ನೊಂದು ನೆಲ ಸವರುತ್ತ ಬರುತ್ತಿತ್ತು. ಆ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿಕೊಂಡು, ಚೌಕಟ್ಟು ದಾಟಿ, ಸರಿದು ದಾರಿ ಬಿಡಲೇಬೇಕಾದ ಮಾಮನನ್ನು ದಾಟಿ, ಹುಡುಗ ಹಿಂದಿರುಗಿ ನೋಡದೆ ಬೀದಿಗೆ ಇಳಿದ.