ಅಬ್ಬಿಗೇರಿಯಲ್ಲಿ ಇಲ್ಲದ ಗುಡ್ಡ

ಜಬೀನ ಅಬ್ಬಿಗೇರಿಯ ಶಾಲೆಗೆ ಚಿತ್ರಕಲಾ ಶಿಕ್ಷಕಿಯಾಗಿ ಬಂದ ಮೊದಲ ವಾರವೇ ಮುಖ್ಯೋಪಾಧ್ಯಾಯ ಗುರುಸಂಗಪ್ಪನವರು ಅವಳ ಕೈಗೆ ಒಂದು ಬಿಳಿ ಹಾಳೆ ಕೊಟ್ಟರು.

"ನೀವು ಮಕ್ಕಳಿಗೆ ಹ್ಯಾಂಗ ಕಲಸ್ತೀರಿ, ಯಾಕ ಹಂಗ ಕಲಸ್ತೀರಿ, ಒಂದ್ ಪುಟ ಬರದ ಕೊಡ್ರಿ. ಹೊಸದಾಗಿ ಬಂದವರೆಲ್ಲಾ ಬರದಾರ."

ಮರುದಿನ ಅವಳು ತಂದುಕೊಟ್ಟ ಹಾಳೆಯಲ್ಲಿ ಒಂದೇ ವಾಕ್ಯವಿತ್ತು. 'ಮಕ್ಕಳು ಕಣ್ಣೆದುರು ಕಂಡದ್ದನ್ನೇ ಬರೆಯಬೇಕು.'

"ಇಷ್ಟ ಏನ್ರಿ? ನಾ ಪುಟ ಅಂದಿದ್ದೆ."

"ನನಗ ಗೊತ್ತಿರೋದು ಇಷ್ಟ ರೀ ಸರ್."

ಗುರುಸಂಗಪ್ಪನವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. "ಇರ್ಲಿ ಬಿಡ್ರಿ. ಓದಾವರಿಗೂ ಲಗೂ ಮುಗೀತೈತಿ."

ಅವಳು ಹಾಗೆ ಬರೆಯಲು ಕಾರಣವಿತ್ತು. ಎಂಟನೆಯ ತರಗತಿಯ ಮಕ್ಕಳ ಪುಸ್ತಕಗಳನ್ನು ತಿರುವಿದರೆ ಎಲ್ಲದರಲ್ಲೂ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಂಡೆಯ ಮೇಲೆ ತೆಂಗಿನ ಮರ. ಅಬ್ಬಿಗೇರಿಯ ಸುತ್ತ ಎರೆಹೊಲ ಬಾನಂಚಿನವರೆಗೆ ಮಟ್ಟಸವಾಗಿ ಹಾಸಿಕೊಂಡಿದೆ. ಯಾರೋ ಎಂದೋ ಹಲಗೆಯ ಮೇಲೆ ತೆಗೆದು ತೋರಿಸಿದ ಗುಡ್ಡವನ್ನು ಮಕ್ಕಳು ವರ್ಷಗಟ್ಟಲೆ ನಕಲು ಮಾಡುತ್ತ ಬಂದಿದ್ದರು. ಜಬೀನ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಜೋಳದ ಕಣಿಕೆಯ ಬಣವೆ, ನೀರಿನ ಟಾಕಿ, ಟ್ರ್ಯಾಕ್ಟರಿನ ಗಾಲಿ ತೋರಿಸಿದಳು. ದುರಗೇಶನೆಂಬ ಹುಡುಗ ಎಮ್ಮೆಯ ಹಿಂಭಾಗವನ್ನಷ್ಟೇ ತೆಗೆದು ತಂದ.

"ಮುಖಾ ಎಲ್ಲೋ?"

"ಅದು ನನ್ನ ಕಡೆ ತಿರುಗಲೇ ಇಲ್ರಿ ಅಕ್ಕೋರ. ಕಂಡದ್ದ ತಗದೀನಿ."

ಅಂದು ಸಂಜೆಯವರೆಗೂ ಅವಳಿಗೆ ನಗು ಬರುತ್ತಿತ್ತು. ಕೋಣೆಗೆ ಬಂದು ಬೀಗ ತೆಗೆದಾಗ, ಇದನ್ನು ಹೇಳಲು ಯಾರೂ ಇಲ್ಲವೆಂಬುದು ನೆನಪಾಯಿತು.

ಅವಳ ಊರು ದಾಂಡೇಲಿ. ತಂದೆ ಕಾಗದದ ಕಾರ್ಖಾನೆಯಲ್ಲಿದ್ದವರು, ಬಹಳ ಹಿಂದೆಯೇ ತೀರಿಕೊಂಡಿದ್ದರು. ಕಳೆದ ವರ್ಷ ತಾಯಿಯೂ ಹೋದ ಮೇಲೆ, ಹುಟ್ಟಿದಾಗಿನಿಂದ ಇದ್ದ ಬಾಡಿಗೆ ಮನೆಯನ್ನು ಖಾಲಿ ಮಾಡಿ ಬಂದಿದ್ದಳು. ಈಗ ಅಲ್ಲಿ ಬೇರೆಯವರಿದ್ದಾರೆ. ರಜೆ ಬಂದರೆ ಹೋಗಲು ಅವಳಿಗೆ ಊರಿರಲಿಲ್ಲ. ಭಾನುವಾರಗಳು ಉದ್ದವಾಗಿರುತ್ತಿದ್ದವು. ಮನೆಯೊಡತಿ ರೇಣವ್ವ ಗೋಡೆಯಾಚೆಯಿಂದ ಕಿವಿಗೊಟ್ಟಿರುತ್ತಿದ್ದಳೇನೋ. ಜಬೀನ ಒಲೆ ಹಚ್ಚದ ದಿನ ಬಾಗಿಲ ಬಳಿ ಒಂದು ಬಟ್ಟಲು ಪಲ್ಯ, ಎರಡು ರೊಟ್ಟಿ ಇಟ್ಟು, "ಉಳದಿತ್ತವಾ, ಚೆಲ್ಲೂದ್ಯಾಕ ಅಂತ ತಂದೆ" ಎನ್ನುತ್ತಿದ್ದಳು. ಉಳಿದ ಪಲ್ಯದಲ್ಲಿ ಒಗ್ಗರಣೆ ಇನ್ನೂ ಚಟಗುಡುತ್ತಿರುತ್ತಿತ್ತು.

ದೀಪಾವಳಿಯ ನಂತರ ಭಾಗ್ಯಾ ಎಂಬ ಹುಡುಗಿ ತರಗತಿಗೆ ಹೊಸದಾಗಿ ಸೇರಿದಳು. ಮಾತು ಕಡಿಮೆ. ಮೊದಲ ದಿನವೇ ಅವಳು ಪುಟದ ತುಂಬ ಒಂದು ಗುಡ್ಡ ತೆಗೆದಳು. ಜಬೀನ ಅದನ್ನು ನೆಟ್ಟಗೆ ನೋಡಲಿಲ್ಲ. ಗುಡ್ಡವೆಂಬುದಷ್ಟೇ ಅವಳಿಗೆ ಕಂಡದ್ದು. ಕಂಡದ್ದನ್ನು ಬರೆಯೆಂದು ಎರಡು ಸಲ ಮೆಲ್ಲಗೆ ಹೇಳಿದಳು. ಮೂರನೆಯ ಸಲವೂ ಅದೇ ಗುಡ್ಡ ಬಂದಾಗ ಪುಸ್ತಕವನ್ನು ಎತ್ತಿ ಹಿಡಿದು ಕೇಳಿದಳು:

"ಭಾಗ್ಯಾ, ಕಿಡಕ್ಯಾಗ ನೋಡಿ ಹೇಳು. ಅಬ್ಬಿಗೇರ್ಯಾಗ ಗುಡ್ಡ ಎಲ್ಲೈತಿ?"

"ಐತ್ರಿ ಅಕ್ಕೋರ," ಎಂದ ದುರಗೇಶ. "ನಮ್ಮ ಹಿತ್ತಲದಾಗಿನ ತಿಪ್ಪಿ!"

ತರಗತಿಯೆಲ್ಲ ನಕ್ಕಿತು. ಜಬೀನಳೂ ಸ್ವಲ್ಪ ನಕ್ಕಳು. ಭಾಗ್ಯಾ ಪುಸ್ತಕ ಇಸಿದುಕೊಂಡು ರಬ್ಬರಿನಿಂದ ಗುಡ್ಡವನ್ನು ಅಳಿಸತೊಡಗಿದಳು. ಹಾಳೆ ಹರಿಯುವವರೆಗೂ ಅಳಿಸಿದಳು.

ಆಮೇಲೆ ಅವಳು ಏನನ್ನೂ ಬರೆಯಲಿಲ್ಲ. ಚಿತ್ರಕಲೆಯ ಅವಧಿಯಲ್ಲಿ ಮುಚ್ಚಿದ ಪುಸ್ತಕದ ಮೇಲೆ ಎರಡೂ ಕೈ ಇಟ್ಟು ಕೂತಿರುತ್ತಿದ್ದಳು. ಕೇಳಿದರೆ, "ಏನೂ ಕಾಣವಲ್ದ್ರಿ" ಎನ್ನುತ್ತಿದ್ದಳು. ಮಕ್ಕಳು ಅವಳನ್ನು ತಿಪ್ಪಿಗುಡ್ಡ ಎಂದು ಕರೆಯತೊಡಗಿದರು. ಮೂರು ವಾರ ಹೀಗೇ ಕಳೆಯಿತು. ತಾನು ಎಲ್ಲಿ ತಪ್ಪಿದೆನೆಂದು ಜಬೀನಳಿಗೆ ತಿಳಿಯಲಿಲ್ಲ. ತಪ್ಪಿರುವುದಂತೂ ಖಚಿತವಿತ್ತು.

ಡಿಸೆಂಬರಿನಲ್ಲಿ ಶಿಕ್ಷಕರ ತರಬೇತಿಯೊಂದಕ್ಕೆ ಅವಳು ಗಜೇಂದ್ರಗಡಕ್ಕೆ ಹೋಗಬೇಕಾಯಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕಿ, ಈಕೆ ಹೊರಗೆ ಇಣುಕುವುದನ್ನು ಕಂಡು, "ಈ ಕಡೆ ಬಾರವಾ, ನಾ ದಿನಾ ನೋಡಾಕಿ" ಎಂದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ನರೇಗಲ್ಲ ದಾಟಿ ಸ್ವಲ್ಪ ದೂರ ಹೋದ ಮೇಲೆ ನೆಲ ಏಳತೊಡಗಿತು. ಗಜೇಂದ್ರಗಡ ಹತ್ತಿರವಾದಾಗ ಜಬೀನ ತಲೆ ಎತ್ತಿದಳು.

ಎದುರಿಗೆ ಆ ಗುಡ್ಡವಿತ್ತು. ತುದಿ ಚೂಪಿರಲಿಲ್ಲ, ಕತ್ತರಿಸಿದಂತೆ ಸಪಾಟಾಗಿತ್ತು. ಎಡಕ್ಕೆ ಕಡಿದು, ಬಲಕ್ಕೆ ಎರಡು ಮೆಟ್ಟಿಲಿನಂತೆ ಇಳಿದಿತ್ತು. ಭಾಗ್ಯಾಳ ಹರಿದ ಹಾಳೆಯಲ್ಲಿದ್ದದ್ದು ಇದೇ ಗೆರೆ. ಅದು ಯಾರ ನಕಲೂ ಆಗಿರಲಿಲ್ಲ.

"ಏನ್ ನೋಡಾಕತ್ತಿ ಹಂಗ?" ಮುದುಕಿ ಕೇಳಿದಳು.

"ಈ ಗುಡ್ಡಾ ನಾ ಮೊದಲ ನೋಡಿದ್ದೆ ಅಜ್ಜಿ. ಆದ್ರ ನೋಡಿದ್ದಿಲ್ಲ."

ಮುದುಕಿ ಅವಳ ಅಂಗೈಗೆ ಒಂದು ಹಿಡಿ ಹುರಿದ ಶೇಂಗಾ ಸುರಿದಳು.

ತರಬೇತಿ ಮುಗಿಸಿ ಅಬ್ಬಿಗೇರಿಗೆ ಮರಳಿದವಳು ಕೋಣೆಗೂ ಹೋಗದೆ ಭಾಗ್ಯಾಳ ಮನೆ ಕೇಳಿಕೊಂಡು ಹೋದಳು. ಹುಡುಗಿ ಇದ್ದದ್ದು ಸೋದರತ್ತೆ ಹೊನ್ನವ್ವನ ಮನೆಯಲ್ಲಿ. ಹೊನ್ನವ್ವ ಕಡಲೆ ಸೊಪ್ಪು ಸೋಸುತ್ತಿದ್ದಳು.

"ಬರ್ರಿ ಅಕ್ಕೋರ, ಕುಂದರ್ರಿ. ನಮಗ ಮಕ್ಕಳಿಲ್ರಿ. ನಮ್ಮಣ್ಣಗ ಮೂರು ಹೆಣ್ಣು. ಇಕೀನ ನಾ ಸಾಕ್ಕೋತೀನಿ ಅಂತ ಗಜೇಂದ್ರಗಡದಿಂದ ಕರಕೊಂಡ ಬಂದೀನಿ. ಚಲೋ ಉಣ್ತಾಳ, ಉಡ್ತಾಳ. ಮಾತ ಒಂದ ಆಡಂಗಿಲ್ಲ." ದನಿ ತಗ್ಗಿಸಿ ಸೇರಿಸಿದಳು: "ನಾ ಏನರ ತಪ್ಪ ಮಾಡಿದ್ನೇನೋ ಅನಸ್ತೈತ್ರಿ."

"ತಪ್ಪ ನಿಮ್ದಲ್ರಿ. ನಂದು."

ಭಾಗ್ಯಾ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಜಬೀನ ಅವಳ ಎದುರು ನೆಲದ ಮೇಲೆ ಕೂತಳು.

"ಇವತ್ತ ನಿನ್ನ ಗುಡ್ಡಾ ನೋಡಿ ಬಂದೆ. ನೀ ತಗದಿದ್ದು ಖರೇ ಇತ್ತು. ಎಲ್ಲಾರ ಮುಂದ ನಗಬಾರದಿತ್ತು ನಾ."

ಹುಡುಗಿ ಹೇಳಿದಳು: "ಮೊದಲ ಕಣ್ಣ ಮುಚ್ಚಿದ್ರ ಕಾಣತಿತ್ರಿ. ಅದಕ್ಕ ತಗೀತಿದ್ದೆ. ಈಗ ಮುಚ್ಚಿದ್ರೂ ಕಾಣವಲ್ದು. ಬರೇ ತಿಪ್ಪಿ ಕಾಣತೈತಿ."

ಗುರುಸಂಗಪ್ಪನವರಿಗೆ ಬರೆದುಕೊಟ್ಟ ಮಾತು ಮಕ್ಕಳಿಗಾಗಿ ಮಾತ್ರ ಬರೆದದ್ದಲ್ಲವೆಂದು ಜಬೀನಳಿಗೆ ಆ ಹೊತ್ತಿನಲ್ಲಿ ಹೊಳೆಯಿತು. ಕಣ್ಣೆದುರು ಇಲ್ಲದ್ದನ್ನು ಬರೆಯಲು ಅವಳಿಗೇ ಭಯವಿತ್ತು. ತಾಯಿ ಹೋದಂದಿನಿಂದ ಅವಳು ತನಗಾಗಿ ಒಂದು ಚಿತ್ರವನ್ನೂ ಬರೆದಿರಲಿಲ್ಲ.

"ನಿಮ್ಮೂರಾಗ ಏನೈತ್ರಿ?" ಭಾಗ್ಯಾ ಕೇಳಿದಳು.

"ಒಂದ್ ಮನಿ ಇತ್ತು."

"ತಗೀರಿ ನೋಡೂಣು."

ಜಬೀನ ಚೀಲದಿಂದ ಹಾಳೆ, ಪೆನ್ಸಿಲು ತೆಗೆದಳು. ಹಂಚಿನ ಸಾಲು ಬಂತು, ಕಟ್ಟೆ ಬಂತು, ಅಮ್ಮ ಬಟ್ಟೆ ಒಣಹಾಕುತ್ತಿದ್ದ ಹಗ್ಗವೂ ಬಂತು. ಬಾಗಿಲಿಗೆ ಬಂದಾಗ ಕೈ ನಿಂತಿತು. "ಚಿಲಕ ಯಾವ ಕಡೆ ಇತ್ತು?" ಎಂದು ತನ್ನಷ್ಟಕ್ಕೆ ಅಂದಳು. ಇಪ್ಪತ್ತಾರು ವರ್ಷ ಹಾಕಿ ತೆಗೆದ ಚಿಲಕ. ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ. ಕೇಳೋಣವೆಂದರೆ ಹೇಳುವವರು ಉಳಿದಿರಲಿಲ್ಲ. ಹಾಳೆ ಮಂಜಾಯಿತು.

ಭಾಗ್ಯಾ ಬಂದು ಪಕ್ಕದಲ್ಲಿ ಕೂತಳು. ಚಿತ್ರವನ್ನೂ ಅಕ್ಕೋರ ಮುಖವನ್ನೂ ನೋಡಿದಳು.

"ಬಾಗಲಾ ತಗದಂಗ ಬರೀರಿ ಅಕ್ಕೋರ," ಎಂದಳು. "ಕದಾ ಗ್ವಾಡಿಗೆ ಹತ್ತಿದ್ರ ಚಿಲಕ ಕಾಣಂಗಿಲ್ಲ."

ಜಬೀನ ಬಾಗಿಲನ್ನು ತೆರೆದೇ ಬರೆದಳು. ಒಳಗೆ ಯಾರನ್ನೂ ಬರೆಯಲಿಲ್ಲ, ಅದಕ್ಕೆ ಧೈರ್ಯ ಸಾಲಲಿಲ್ಲ.

ಹೊನ್ನವ್ವ ಎದ್ದು ದೀಪದ ಗುಂಡಿ ಒತ್ತಿ, ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹಾ ಕುದಿಯುವ ವಾಸನೆ ಬಂತು. ಭಾಗ್ಯಾ ತನ್ನ ಶಾಲೆಯ ಚೀಲ ಎಳೆದುಕೊಂಡು, ಕಂಬದ ಆಚೆ ಬೆನ್ನು ತಿರುಗಿಸಿ ಕೂತು, ಪುಸ್ತಕಕ್ಕೆ ಮೊಳಕೈ ಅಡ್ಡ ಹಿಡಿದಳು.

"ಇತ್ತಾಗ ನೋಡಬ್ಯಾಡ್ರಿ."

"ಇಲ್ಲವಾ, ನೋಡಂಗಿಲ್ಲ," ಎಂದು ಜಬೀನ ಗೋಡೆಯ ಕಡೆ ತಿರುಗಿದಳು. ಹಿಂದಿನಿಂದ ಪೆನ್ಸಿಲಿನ ಸದ್ದು ಬರುತ್ತಿತ್ತು. ಒಂದು ಸಲ ನಿಂತಿತು. ಅವಳು ತಿರುಗದೆ ಕಾದಳು. ಮತ್ತೆ ಶುರುವಾಯಿತು.