ಕುದುರೆಯ ಬಣ್ಣ

ಚಟ್ಟಕ್ಕೆ ಹೆಗಲು ಕೊಟ್ಟು ನಡೆಯುವಾಗಲೂ ನಾಜರ್ ಸಿಂಗ್ ಮಾಸ್ತರರು ಹಿಂತಿರುಗಿ ಹಿಂತಿರುಗಿ ಜನವನ್ನು ನೋಡುತ್ತಿದ್ದರು. ಹಗ್ಗದ ಮಂಚ ಹೆಣೆಯುತ್ತಿದ್ದ ಬಚಿಂತ್ ಸಿಂಗನ ಸಾವಿಗೆ ಮೂರು ಊರಿನ ಜನ ಬಂದಿತ್ತು. ನಾಳೆ ತಾವು ಸತ್ತರೆ ಇದರ ಕಾಲುಭಾಗವೂ ಸೇರದೆಂದು ಅವರ ಹೊಟ್ಟೆ ಉರಿಯಿತು. ಹೆಣದ ಮೇಲೂ ಹೊಟ್ಟೆಕಿಚ್ಚೇ ಎಂದು ನಾಚಿಕೆಯಾಯಿತು. ಕಿಚ್ಚು ಮಾತ್ರ ಆರಲಿಲ್ಲ.

ಬಚಿಂತನ ಬಂಡವಾಳ ಒಂದೇ ಕತೆ. ಸಿಖ್ಖರ ಆರನೆಯ ಗುರುಗಳು ಈ ಊರಿನ ಬೋರೆಮರಕ್ಕೆ ಕುದುರೆ ಕಟ್ಟಿ, ಒಬ್ಬ ಮುದುಕಿ ಕೊಟ್ಟ ಮಜ್ಜಿಗೆ ಕುಡಿದರಂತೆ. ಮಾಸ್ತರರು ಹದಿನೆಂಟು ವರ್ಷ ಹಳೆಯ ಹಸ್ತಪ್ರತಿಗಳನ್ನೆಲ್ಲ ಜಾಲಾಡಿ, ಇದಕ್ಕೆ ಆಧಾರವೇ ಇಲ್ಲವೆಂದು ಪುಸ್ತಕ ಬರೆದಿದ್ದರು. ಪುಸ್ತಕಗಳು ಅವರ ಅಟ್ಟದ ಮೇಲೇ ಉಳಿದವು. ಜನ ಬೋರೆಮರದ ಕೆಳಗೆ ಬಚಿಂತನ ಮುಂದೆ ಕೂತರು.

*

ಪುಸ್ತಕಕ್ಕೆಂದು ಮಾಸ್ತರರು ಅವನನ್ನು ವಿಚಾರಿಸಿದ್ದುಂಟು. ಅವನು ಮಂಚದ ಹಗ್ಗ ಬಿಗಿಯುತ್ತಲೇ ಉತ್ತರ ಕೊಟ್ಟಿದ್ದ.

"ನಿಂಗ್ಯಾರು ಹೇಳಿದ್ದು?"

"ಅಜ್ಜಿ. ಅವಳಿಗೆ ಅವಳತ್ತೆ. ಅದರಾಚೆ ನಂಗೊತ್ತಿಲ್ಲ ಮಾಸ್ತರೇ."

"ಕುದುರೆ ಯಾವ ಬಣ್ಣ?"

"ಅಜ್ಜಿ ಹೇಳ್ಲಿಲ್ಲ. ನಾನ್ಹೆಂಗೆ ಬಣ್ಣ ಬಳೀಲಿ?"

ಹನ್ನೆರಡು ವರ್ಷ ಬಿಟ್ಟು, ತಪ್ಪು ಹಿಡಿಯಲೆಂದೇ ಮತ್ತೆ ಕೇಳಿದರು. ಒಂದು ಮಾತೂ ಕದಲಿರಲಿಲ್ಲ. ಬಣ್ಣ ಆಗಲೂ ಗೊತ್ತಿರಲಿಲ್ಲ. ಮಾಸ್ತರರು ಇದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

*

ಚಿತೆ ಹತ್ತಿಕೊಂಡ ಮೇಲೆ ಜನ ವಾಡಿಕೆಯಂತೆ ಊರಿಗೆ ಮರಳುವ ಅರ್ಧ ದಾರಿಯಲ್ಲಿ ಕೂತರು. ಇಲ್ಲಿ ಒಬ್ಬೊಬ್ಬರೂ ಒಂದು ಹುಲ್ಲುಕಡ್ಡಿ ಮುರಿದು ಹಿಂದಕ್ಕೆಸೆದರೆ ಸತ್ತವನ ಋಣ ಹರಿಯಿತೆಂದು ಅರ್ಥ. ಮಾಸ್ತರರೂ ಒಂದು ಕಡ್ಡಿ ಕಿತ್ತು ಹಿಡಿದರು. ಕಡ್ಡಿ ಕಿತ್ತುಕೊಳ್ಳುತ್ತ ಬಚಿಂತನ ತಮ್ಮನ ಮಗ ಜಗೀರ್ ಕತೆ ತೆಗೆದ. ಗುರುಗಳದು ಹಾಲಿನಂಥ ಬಿಳಿ ಕುದುರೆಯೆಂದು ದೊಡ್ಡಪ್ಪ ಹೇಳುತ್ತಿದ್ದನಂತೆ. ಜನ ತಲೆದೂಗಿದರು. ಒಬ್ಬ ಮುದುಕ ಮಾತ್ರ ಇತ್ತ ತಿರುಗಿದ.

"ಹೌದಾ ಮಾಸ್ತರೇ? ನೀವು ಓದಿದೋರು."

ಇಷ್ಟು ವರ್ಷದಲ್ಲಿ ಊರು ಅವರನ್ನು ಕೇಳಿದ್ದು ಇದೇ ಮೊದಲು. ಸುಮ್ಮನಿದ್ದರೆ ಸಾಕಿತ್ತು. ಇಂದು ಬಿಳಿ ಕುದುರೆ, ನಾಳೆ ಬಂಗಾರದ ಜೀನು. ಆಮೇಲೆ ಬಚಿಂತ ಬೊಗಳೆದಾಸನೆನಿಸಿ, ಅವರ ಪುಸ್ತಕ ತಾನಾಗಿ ಗೆಲ್ಲುತ್ತಿತ್ತು.

"ಬಣ್ಣ ಅವನಿಗೆ ಗೊತ್ತಿರ್ಲಿಲ್ಲ," ಎಂದರು. "ಎರಡು ಸಲ ಕೇಳಿದೀನಿ. ಎರಡು ಸಲಾನೂ ಗೊತ್ತಿಲ್ಲ ಅಂದ. ನಾನೇ ಅದನ್ನ ಬರೀಲಿಲ್ಲ."

"ಹಂಗಾದ್ರೆ ಗುರುಗಳು ಬಂದಿದ್ದು ನಿಜಾನಾ?"

"ಅದು ನಂಗೊತ್ತಿಲ್ಲ. ಅವನು ಒಂದು ಮಾತೂ ಸೇರಿಸಲಿಲ್ಲ. ಅದು ಗೊತ್ತು."

ಎಂಥ ಮನುಷ್ಯ ಎಂದು ಜನ ಬಚಿಂತನನ್ನು ನೆನೆದು ಕಣ್ಣೊರೆಸಿಕೊಂಡರು. ಮಾಸ್ತರರ ಹೊಟ್ಟೆ ಮತ್ತೆ ಉರಿಯಿತು.

ಜನ ಕಡ್ಡಿ ಮುರಿದು ಎಸೆದು, ಹಿಂದೆ ನೋಡದೆ ಊರ ಕಡೆ ನಡೆದರು. ಬೋರೆಮರ ದಾಟಿ ಮನೆಯ ಅಗುಳಿ ತೆಗೆಯಲು ಹೋದಾಗ ಮಾಸ್ತರರ ಮುಷ್ಟಿ ಬಿಚ್ಚಿತು. ಹುಲ್ಲುಕಡ್ಡಿ ಬೆವರಿನಲ್ಲಿ ನೆನೆದು ಬಾಗಿತ್ತು, ಮುರಿದಿರಲಿಲ್ಲ.