ಕದಿರಮ್ಮನ ಡ್ರಾಪ್ ಇನ್

ನರಸಾಪುರದ ಒಂದು ಕಂಪನಿ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹೆಂಗಸರಿಗೆ, ಶಿಫ್ಟ್ ಮುಗಿದ ಮೇಲೆ ಇಂಗ್ಲಿಷ್ ಕಲಿಸಲು ಶ್ರೀವಾಣಿ ಮೇಡಂ ಬರುತ್ತಿದ್ದರು. ಅವತ್ತಿನ ಪಾಠ ‘ಡ್ರಾಪ್ ಇನ್’. ಮುಂಚೆ ಹೇಳದೆ, ಯಾರೂ ಕರೆಯದೆ, ದಾರಿಯಲ್ಲಿ ಹೋಗುತ್ತಾ ಬೇಕಾದವರ ಮನೆಗೆ ಹೊಕ್ಕು ಮಾತಾಡಿಸಿ ಬರುವುದು ಎಂದು ಅರ್ಥ ಹೇಳಿದರು. ಹಾಗೆ ಹೋದವರಿಗೆ ಅವಮಾನವೇನೂ ಇಲ್ಲವಂತೆ. ದಿನಾ ಮಾಡುವ ಕೆಲಸಕ್ಕೆ ಇಂಗ್ಲಿಷಿನವರು ಒಂದು ಹೆಸರು ಬೇರೆ ಇಟ್ಟಿದ್ದಾರಲ್ಲ ಎಂದು ಹೆಂಗಸರೆಲ್ಲ ನಕ್ಕರು. ಕದಿರಮ್ಮನಿಗೆ ಮಾತ್ರ ನಗು ಬರಲಿಲ್ಲ.

ಅವಳ ತಂಗಿ ಗಂಗರತ್ನಮ್ಮ ಇದ್ದದ್ದು ರಾಯಲ್ಪಾಡಿನಲ್ಲಿ. ಹೋದ ವರ್ಷ ತಂಗಿಯ ಮಗಳ ಮದುವೆಗೆ ಕರೆಯಲು ಬಂದವರು, ಕದಿರಮ್ಮ ಡ್ಯೂಟಿಗೆ ಹೋಗಿದ್ದರಿಂದ ಪಕ್ಕದ ಮನೆಯಲ್ಲಿ ಲಗ್ನಪತ್ರಿಕೆ ಕೊಟ್ಟು ಹೊರಟುಬಿಟ್ಟಿದ್ದರು. ಹಣೆಗೆ ಕುಂಕುಮ ಇಟ್ಟು ಕರೆಯದ ಮದುವೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಕದಿರಮ್ಮ ಬಿಗಿದುಕೊಂಡು ಮನೆಯಲ್ಲೇ ಕೂತಳು. ಒಡಹುಟ್ಟಿದವಳೇ ಬರಲಿಲ್ಲವೆಂದು ತಂಗಿ ಮಾತು ಬಿಟ್ಟಳು. ಇಬ್ಬರೂ ಒಂದೇ ತಾಯಿಯ ಮಕ್ಕಳೆನ್ನಲು ಆ ಹಟವೊಂದೇ ಸಾಕಿತ್ತು. ಆದರೂ ತಂಗಿಯ ದನಿ ಕೇಳದ ಆ ವರ್ಷ ಕದಿರಮ್ಮನಿಗೆ ತಡೆಯಲಾರದಷ್ಟು ಬೇಜಾರಾಗಿತ್ತು. ಕರೆಯದೆ ಹೇಗೆ ಹೋಗುವುದು ಎಂಬುದೊಂದೇ ಅಡ್ಡ ನಿಂತಿತ್ತು.

ಭಾನುವಾರ ಬೆಳಗ್ಗೆ ಅವಳು ಬಸ್ಸು ಹತ್ತಿದಳು. ದಾರಿಯಲ್ಲಿ ಹೋಗುತ್ತಾ ಎಂದಿದ್ದರು ಮೇಡಂ. ಕೋಲಾರದಲ್ಲೊಮ್ಮೆ, ಶ್ರೀನಿವಾಸಪುರದಲ್ಲೊಮ್ಮೆ ಬಸ್ಸು ಬದಲಾಯಿಸಿ ಹೋಗುವ ದಾರಿಯೂ ದಾರಿಯೇ ಎಂದು ಧೈರ್ಯ ತಂದುಕೊಂಡಳು. ರಾಯಲ್ಪಾಡಿನಲ್ಲಿ ಇಳಿದು ನೇರ ತಂಗಿಯ ಮನೆಗೆ ನಡೆದಳು.

ಗಂಗರತ್ನಮ್ಮ ಅಂಗಳದಲ್ಲಿ ಕೂತು ಟೊಮ್ಯಾಟೊ ಆರಿಸಿ ಕ್ರೇಟಿಗೆ ತುಂಬುತ್ತಿದ್ದಳು. ತಲೆ ಎತ್ತಿ ನೋಡಿದಳು, ಏಳಲಿಲ್ಲ.

“ಯಾರು ಕರೆದ್ರು ಅಂತ ಬಂದೆ ಇವಾಗ?”

“ಯಾರೂ ಕರೀಲಿಲ್ಲ ಕಣೇ. ಹಿಂಗ್ ಬರೋದಕ್ಕೆ ಇಂಗ್ಲಿಷಲ್ಲಿ ಡ್ರಾಪ್ ಇನ್ ಅಂತಾರೆ. ಮರ್ಯಾದೆ ಏನೂ ಹೋಗಲ್ವಂತೆ,” ಎಂದಳು ಕದಿರಮ್ಮ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ಅದು.

ಗಂಗರತ್ನಮ್ಮ ಕೈಯಲ್ಲಿದ್ದ ಟೊಮ್ಯಾಟೊ ಕೆಳಗಿಟ್ಟಳು.

“ಇಂಗ್ಲಿಷ್‌ನೋರು ಏನಾದ್ರೂ ಅಂದ್ಕೊಳ್ಳಲಿ. ಕರೀದೇ ಬರೋಳ್ನ ನಮ್ಮಲ್ಲಿ ಅಕ್ಕ ಅಂತಾರೆ. ಅದ್ಕೇ ಮದ್ವೆ ದಿನ ಧಾರೆ ಮುಗಿಯೋವರ್ಗೂ ಬಾಗಿಲ ಕಡೆ ನೋಡ್ತಾನೇ ಇದ್ದೆ.”

ಕದಿರಮ್ಮ ಇದ್ದಲ್ಲೇ ಕೂತು ಅತ್ತುಬಿಟ್ಟಳು. ತಂಗಿ ಬೈಯುತ್ತಲೇ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. ಆಮೇಲೆ ಇಬ್ಬರೂ ಸೇರಿ ಟೊಮ್ಯಾಟೊ ಆರಿಸತೊಡಗಿದರು, ಮಾತು ನಿಲ್ಲಲೇ ಇಲ್ಲ.